ಕ್ಯೂಎಲ್‌ಗೆ ಒತ್ತಕ್ಷರದ ಕಾಯಿಲೆ
ಭಾನುವಾರ ಬೆಳಗ್ಗೆ ಮೈದಾನದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಅಟ್ಟದ ಸಾಮಾನು ಮಾರುವ ಪದ್ಧತಿ ಇಲ್ಲಿ ಇಂಗ್ಲೆಂಡಿನಲ್ಲಿದೆ. ಟೋಸ್ಟರ್ ತರಲು ಹೋದ ನಾನು ಸಿಂಕ್ಲೇರ್ ಕ್ಯೂಎಲ್ ಹೊತ್ತುಕೊಂಡು ಬಂದೆ. 1984ರ ಕಂಪ್ಯೂಟರ್. ಮೆಮೊರಿ 128 ಕೆಬಿ, ಅಂದರೆ ಅತ್ತೆ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಒಂದೂ ಹಿಡಿಸುವುದಿಲ್ಲ.

"ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬರೆದ ಟೋರ್ವಾಲ್ಡ್ಸ್ ಹುಡುಗನಾಗಿದ್ದಾಗ ಇದನ್ನೇ ಇಟ್ಕೊಂಡಿದ್ದ, ಗೊತ್ತಾ?" ಎಂದೆ.

"ಅವನು ಆಗ ಹುಡುಗ ಕಣ್ರೀ" ಎಂದಳು ಹೆಂಡತಿ.

ನಮ್ಮ ಕ್ಯೂಎಲ್‌ಗೆ ಒಂದು ಕಾಯಿಲೆ. ಕೀ ಒಂದು ಸಲ ಒತ್ತಿದರೆ ಅಕ್ಷರ ಎರಡು. ಕನ್ನಡ ಮೇಷ್ಟ್ರು ನೋಡಿದ್ದರೆ ಸಜಾತೀಯ ಒತ್ತಕ್ಷರ ಅಂತ ಖುಷಿಪಡುತ್ತಿದ್ದರು. ಇದರಲ್ಲಿ ದೊಡ್ಡ ಪ್ರೊಸೆಸರ್ 68008 ಯಜಮಾನರ ಹಾಗೆ ಒಳಗೆ ಕೂತಿರುತ್ತದೆ. ಕೀಬೋರ್ಡ್ ನೋಡುವುದು, ಪೀಂ ಅನ್ನುವುದು, ಬೇರೆ ಯಂತ್ರದಿಂದ ಸೀರಿಯಲ್ ಪೋರ್ಟಿಗೆ ಬಂದದ್ದನ್ನು ಇಸಿದುಕೊಳ್ಳುವುದು, ಎಲ್ಲ 8049 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ತಲೆ ಮೇಲೆ. ಅದರ 2 ಕೆಬಿ ಪ್ರೋಗ್ರಾಂ ಫ್ಯಾಕ್ಟರಿಯಲ್ಲೇ ಅಚ್ಚಾದದ್ದು, ತಿದ್ದಲು ಬರುವುದಿಲ್ಲ. ಹಾಗಾಗಿ ಚಿಪ್ಪನ್ನೇ ಕಿತ್ತು, ತಿದ್ದಿದ ಪ್ರೋಗ್ರಾಂ ತುಂಬಿದ 8749 ಎಂಬ ಚಿಪ್ ಕೂರಿಸಬೇಕು. ಹರ್ಮೀಸ್ ಅಂತ ಅದರ ಹೆಸರು. ಕಾಲುಗಳೆಲ್ಲ ಹಳೆಯದರ ಹಾಗೇ, ನೆತ್ತಿಯ ಮೇಲೆ ಮಾತ್ರ ಒಂದು ಗಾಜಿನ ಕಿಟಕಿ. ಅದರೊಳಗೆ ಒಂದು ವಾರ ನೇರ ಬಿಸಿಲು ಬಿದ್ದರೆ ಪ್ರೋಗ್ರಾಂ ಅಳಿಸಿಹೋಗುತ್ತದಂತೆ. ಇಲ್ಲಿ ವಾರವಿಡೀ ಬಿಸಿಲು ಯಾರು ಕಂಡಿದ್ದಾರೆ! ಆದರೂ ಇರಲಿ ಅಂತ ಮಗಳ ನೋಟ್‌ಬುಕ್ಕಿನ ಲೇಬಲ್ ಒಂದನ್ನು ಅಂಟಿಸಿದೆ.

ಚಿಪ್ಪಿಗೆ 40 ಕಾಲು. ದೇವರ ಹೆಸರು ಹೇಳಿ ಒತ್ತಿದೆ. ಸ್ವಿಚ್ ಹಾಕಿದೆ. ಪರದೆ ತುಂಬ ಬಣ್ಣದ ಚುಕ್ಕೆ ಕುಣಿದವು, ಆಮೇಲೆ ಮಾನಿಟರ್ ಆದರೆ ಎಫ್1, ಟಿವಿ ಆದರೆ ಎಫ್2 ಎಂದು ಮರ್ಯಾದೆಯಾಗಿ ಕೇಳಿತು. ಎಫ್1 ಒತ್ತಿದೆ. ಮಾತಿಲ್ಲ. ಎಫ್2 ಒತ್ತಿದೆ. ಕತೆಯಿಲ್ಲ. ಬಿಚ್ಚಿ ನೋಡಿದರೆ 39 ಕಾಲು ಸಾಕೆಟ್ಟಿನಲ್ಲಿವೆ, ಒಂದು ಮಾತ್ರ ಹೊಟ್ಟೆಯಡಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದೆ. ಹೆಂಡತಿ ಹುಬ್ಬು ಕೀಳುವ ಪ್ಲಕ್ಕರ್ ತಂದು ನೆಟ್ಟಗೆ ಮಾಡಿದೆ.

ಪ್ರತಿ ಸಲ ಬಿಚ್ಚುವಾಗಲೂ ಒತ್ತಿದ ಕೀಗಳ ಸುದ್ದಿಯನ್ನು ಒಳಗೆ ಮುಟ್ಟಿಸುವ ಕೀಬೋರ್ಡಿನ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಎಳೆದು ತೆಗೆಯಬೇಕು. ನಲವತ್ತು ವರ್ಷದ ಪ್ಲಾಸ್ಟಿಕ್, ಕರಿದ ಹಪ್ಪಳಕ್ಕಿಂತ ಗರಿಗರಿ. ಮೂರನೇ ಸಲಕ್ಕೆ ಚರ್ ಅಂತು. ಕೇಳಿಸದವನ ಹಾಗೆ ಸ್ಕ್ರೂ ಬಿಗಿದೆ.

"ಸರಿ ಹೋಯ್ತಾ?"

"ಒತ್ತಕ್ಷರ ಹೋಯ್ತು."

"ಪರವಾಗಿಲ್ವೇ!"

"ಕೆಲವು ಅಕ್ಷರಾನೂ ಹೋಯ್ತು."

ಅವಳು ಏನೂ ಅನ್ನಲಿಲ್ಲ. ಒಳಗೆ ಹೋದವಳು ಎರಡೇ ನಿಮಿಷಕ್ಕೆ ವಾಪಸ್ ಬಂದು, "ರೀ, ನನ್ನ ಪ್ಲಕ್ಕರ್ ಎಲ್ಲಿಟ್ರಿ?" ಎಂದಳು. ಮೇಜಿನ ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ. ಕಡೆಗೆ ಕ್ಯೂಎಲ್‌ನ ವೈರು ಕಿತ್ತು, ಎತ್ತಿ ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಖಣ್ ಅಂತು.