ಮಣ್ಣಿನ ನಕ್ಷೆ ಬೇಕು, ವಾರ್ಡಿನ ಸರಾಸರಿ ಬೇಡ

ತಾರಸಿ ತೋಟ ಮಾಡೋರಿಗೆಲ್ಲ ಒಂದೇ ಸಲಹೆ: ಮಣ್ಣು ಪರೀಕ್ಷೆ ಮಾಡಿಸಿ. ಸರಿ, ಯಾವ ಪರೀಕ್ಷೆ? ಸರ್ಕಾರ ರೈತರಿಗೆ ಕೊಡೋ, 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಬೋರಾನ್ ಎಲ್ಲ ಉಂಟು. ಮೈಗೆ ವಿಷವಾಗೋ ಲೋಹಗಳು ಮಾತ್ರ ಇಲ್ಲ: ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ. ಸತು, ತಾಮ್ರ ಇವೆ ನಿಜ. ಆದರೆ ಅವು ಬೆಳೆಗೆ ಸಾಲುತ್ತವಾ ಅಂತ ನೋಡೋಕೆ, ಜಾಸ್ತಿಯಾಗಿವೆಯಾ ಅಂತಲ್ಲ. ಹೊಲಕ್ಕೆ ಅಷ್ಟು ಸಾಕಿರಬಹುದು. ಬೆಂಗಳೂರಿನ ಕೊಳಚೆ ನೀರಲ್ಲಿ ಸೊಪ್ಪು ಬೆಳೆಯೋ ಕಡೆ ಸಾಲದು. ಊರಿನ ಮಣ್ಣಲ್ಲಿ ಇಂಥ ಲೋಹ ಎಲ್ಲಿ ಎಷ್ಟಿದೆ ಅಂತ ತೋರಿಸೋ ನಕ್ಷೆ ಬೇಕು.

ನಕ್ಷೆಯಿಂದ ಏನು ಪ್ರಯೋಜನ ಅನ್ನೋರಿಗೆ ಅಮೆರಿಕದ ವಿಜ್ಞಾನಿ ಹೊವರ್ಡ್ ಮೀಲ್ಕೆ ಕಥೆ ಹೇಳಬೇಕು. 1970ರ ದಶಕದಲ್ಲಿ ಅವರು ಬಾಲ್ಟಿಮೋರ್ ನಗರದ ಕೈತೋಟಗಳ ಮಣ್ಣು ತಂದು ಅದರಲ್ಲಿ ಸೀಸ ಎಷ್ಟಿದೆ ಅಂತ ಅಳೆದರು. ಮಣ್ಣಿಗೆ ಸೀಸ ಬರೋದು ಹಳೇ ಮನೆಗಳ ಪೇಂಟಿನಿಂದ ಅಂತಲೇ ಆಗ ಎಲ್ಲರ ನಂಬಿಕೆ. ಅಂಕಿಗಳನ್ನು ನಕ್ಷೆಗೆ ಹಾಕಿದರೆ, ಸೀಸ ಜಾಸ್ತಿ ಇದ್ದ ತೋಟಗಳೆಲ್ಲ ಊರ ನಡುವೆ ಗುಂಪಾಗಿ ಕೂತಿದ್ದವು. ಅಲ್ಲಿನ ಮನೆಗಳೋ, ಹೆಚ್ಚಿನವು ಪೇಂಟೇ ಬಳಿಯದ ಇಟ್ಟಿಗೆ ಗೋಡೆಯವು! ಊರ ನಡುವೆ ಜಾಸ್ತಿ ಇದ್ದದ್ದು ಗಾಡಿಗಳು, ಅವುಗಳ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. 1983ರಲ್ಲಿ ಇದು ಪ್ರಕಟವಾಯಿತು.

ನಮ್ಮಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ. ಅದಕ್ಕೂ ಮುಂಚೆ ಮೈಸೂರು ರಸ್ತೆ, ತುಮಕೂರು ರಸ್ತೆಯಲ್ಲಿ ಓಡಾಡಿದ ಗಾಡಿಗಳ ಹೊಗೆಯ ಸೀಸ ಎಲ್ಲಿಗೆ ಹೋಗಿರುತ್ತದೆ ಹೇಳಿ? ಗಾಳಿಯ ಹೊಗೆ ಮಳೆಗೆ ಕರಗೀತು. ಮಣ್ಣಿಗೆ ಬಿದ್ದ ಸೀಸ ಮೇಲಿನ ಪದರಕ್ಕೇ ಅಂಟಿಕೊಂಡು ದಶಕಗಟ್ಟಲೆ ಕೂರುತ್ತದೆ. ಅದಕ್ಕೇ ಒಮ್ಮೆ ಸರಿಯಾಗಿ ಮಾಡಿದ ನಕ್ಷೆ ತುಂಬಾ ವರ್ಷ ಬಾಳುತ್ತದೆ.

ಆದರೆ "ಸರಿಯಾಗಿ" ಅನ್ನೋದರಲ್ಲೇ ನನ್ನ ತಕರಾರು. ವಾರ್ಡಿಗೊಂದು ಸರಾಸರಿ ಹಾಕಿ ಹಸಿರು ಬಣ್ಣ ಬಳಿದರೆ ಯಾರಿಗೂ ಉಪಯೋಗವಿಲ್ಲ. ಸೀಸ ರಸ್ತೆ ಅಂಚಲ್ಲಿ ಜಾಸ್ತಿ, ನಾಲ್ಕು ಮನೆ ಒಳಗೆ ಹೋದರೆ ಕಮ್ಮಿ. ಪೇಂಟ್ ಉದುರುವ ಹಳೇ ಗೋಡೆಯ ಬುಡದಲ್ಲಿ, ಬ್ಯಾಟರಿ ಒಡೆಯೋ ಶೆಡ್ಡಿನ ಸುತ್ತ ಮತ್ತೆ ಜಾಸ್ತಿ. ಎಷ್ಟು ಆಳದ ಮಣ್ಣು ಅನ್ನೋದೂ ಮುಖ್ಯ. ಮಗು ಆಡೋದು, ಕೈಗೆ ಹತ್ತಿಸಿಕೊಂಡು ಬಾಯಿಗೆ ಹಾಕೋದು ಮೇಲಿನ ಒಂದಿಂಚನ್ನ. ಒಂದಡಿ ಅಗೆದು ಎಲ್ಲ ಬೆರೆಸಿ ಅಳೆದರೆ ಅಂಕಿ ಚೆನ್ನಾಗೇ ಬರುತ್ತದೆ ಬಿಡಿ! ಎಕ್ಸ್‌ಆರ್‌ಎಫ್ ಅಂತ, ಎಕ್ಸ್-ರೇ ಹಾಯಿಸಿ ಲೋಹ ಅಳೆಯೋ, ನೋಡೋಕೆ ಡ್ರಿಲ್ ಮಷಿನ್ ತರದ ಯಂತ್ರ ಇದೆ. ಮಣ್ಣು ಒಣಗಿಸಿ, ಜರಡಿ ಹಿಡಿದು, ಅದರ ಮುಂದೆ ಇಟ್ಟರೆ ಒಂದೆರಡು ನಿಮಿಷದಲ್ಲಿ ಸೀಸ ಎಷ್ಟಿದೆ ಗೊತ್ತಾಗುತ್ತದೆ. ಹಸಿ ಮಣ್ಣಿಗೆ ಹಿಡಿದರೆ ಕಮ್ಮಿ ತೋರಿಸುತ್ತದೆ.

ನಕ್ಷೆ ಬಂದರೆ ಸೈಟ್ ರೇಟ್ ಬೀಳುತ್ತೆ ಅನ್ನೋರು ಇದ್ದೇ ಇರುತ್ತಾರೆ. ಸರಿ, ಸೈಟುಗಳ ತಂಟೆ ಆಮೇಲೆ ನೋಡೋಣ. ಅಂಗನವಾಡಿ ಅಂಗಳ, ಪಾರ್ಕಿನ ಜಾರುಬಂಡೆ ಕೆಳಗಿನ ಮಣ್ಣು, ಇವು ಸರ್ಕಾರದ್ದೇ ಅಲ್ವಾ? ಅಲ್ಲಿಂದ ಶುರು ಮಾಡಿ. ಅಂಕಿ ಕೆಟ್ಟದಾಗಿ ಬಂದರೆ ದಾರಿಯೂ ಇದೆ. ನ್ಯೂ ಆರ್ಲಿಯನ್ಸಿನ ಶಿಶುಪಾಲನಾ ಕೇಂದ್ರಗಳಲ್ಲಿ ಇದೇ ಮೀಲ್ಕೆ ಅಂಗಳಕ್ಕೆ ದಪ್ಪ ಬಟ್ಟೆ ಹಾಸಿಸಿ, ಮೇಲೆ ಅರ್ಧ ಅಡಿಯಷ್ಟು ಮಿಸಿಸಿಪ್ಪಿ ನದಿಯ ಶುದ್ಧ ಮೆಕ್ಕಲು ಹರಡಿಸಿದರು. ನಮ್ಮಲ್ಲಿ ಅಪಾರ್ಟ್‌ಮೆಂಟ್ ಪಾಯಕ್ಕೆ ಅಗೆದ ಆಳದ ಕೆಂಪು ಮಣ್ಣು ದಿನಾ ಲಾರಿಗಟ್ಟಲೆ ಊರಾಚೆ ಹೋಗುತ್ತಿದೆ. ಅದನ್ನೂ ಒಮ್ಮೆ ಅಳೆದು ನೋಡಿ ಆಮೇಲೆ ಹಾಕಿ.