ಕೆಂಪು ಶಾಯಿಯ ಪ್ರತಿ

ಚೀನಾದಲ್ಲಿ ಸರ್ಕಾರಿ ಅಧಿಕಾರಿಗಳನ್ನು ಆರಿಸಲು ನಡೆಸುತ್ತಿದ್ದ ಹಳೇ ರಾಜಪರೀಕ್ಷೆ ಅಂದರೆ ಬರೀ ಬಾಯಿಪಾಠ ಅಂತ ಲೇಖನದಲ್ಲಿ ಬರೆದಿದ್ದೀರಿ. ಬಾಯಿಪಾಠ ಇದ್ದದ್ದು ನಿಜ, ಕನ್‌ಫ್ಯೂಶಿಯಸ್ ಪಂಥದ ಗ್ರಂಥಗಳನ್ನು ಅರೆದು ಕುಡಿಯಬೇಕಿತ್ತು. ಆದರೆ ಉತ್ತರಗಳನ್ನು ಹೇಗೆ ತಿದ್ದುತ್ತಿದ್ದರು ಅನ್ನೋದನ್ನೂ ಹೇಳಬೇಕಿತ್ತು. ನನಗೆ ಜಾಸ್ತಿ ಇಷ್ಟವಾಗುವುದು ಅದೇ ಭಾಗ.

ಸುಮಾರು ಸಾವಿರ ವರ್ಷದ ಹಿಂದೆ, ಸಾಂಗ್ ರಾಜರ ಕಾಲದಲ್ಲೇ, ಬರೆದವರ ಹೆಸರಿನ ಮೇಲೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಆದರೂ ಕೈಬರಹ ನೋಡಿ ಗುರುತು ಹಿಡಿಯಬಹುದಲ್ವಾ? ಅದಕ್ಕೆ ಗುಮಾಸ್ತರು ಕೂತು ಉತ್ತರವನ್ನೆಲ್ಲ ಮತ್ತೆ ಬರೆಯುತ್ತಿದ್ದರು. ಆಮೇಲೆ ಬಂದ ಮಿಂಗ್, ಚಿಂಗ್ ರಾಜರ ಕಾಲಕ್ಕೆ ಬರೆದವನದು ಕಪ್ಪು ಶಾಯಿ, ಗುಮಾಸ್ತನದು ಕೆಂಪು. ತಿದ್ದುವವರ ಕೈಗೆ ಹೋಗುತ್ತಿದ್ದದ್ದು ಕೆಂಪು ಪ್ರತಿ. ಎಷ್ಟು ಶ್ರದ್ಧೆ ನೋಡಿ!

ಪ್ರಾಂತ್ಯದ ಪರೀಕ್ಷೆ 3 ವರ್ಷಕ್ಕೊಮ್ಮೆ, ಮೂರು ಸುತ್ತು. ನಾನ್‌ಜಿಂಗ್‌ನ ಪರೀಕ್ಷಾ ಅಂಗಳದಲ್ಲಿ 20,000ಕ್ಕೂ ಹೆಚ್ಚು ಗೂಡುಗಳಿದ್ದವು. ಒಬ್ಬೊಬ್ಬರಿಗೆ ಎರಡು ಹಲಗೆ. ಹಗಲು ಒಂದರ ಮೇಲೆ ಕೂರುವುದು, ಇನ್ನೊಂದರ ಮೇಲೆ ಬರೆಯುವುದು. ರಾತ್ರಿ ಎರಡನ್ನೂ ಜೋಡಿಸಿ ಮುದುಡಿ ಮಲಗುವುದು. ಊಟ, ನಿದ್ದೆ ಎಲ್ಲ ಅಲ್ಲೇ.

ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ವರ್ಷಗಟ್ಟಲೆ ಓದಲು ಮನೆಯಲ್ಲಿ ದುಡ್ಡೂ ಬೇಕಿತ್ತು. ಆ ಅನ್ಯಾಯವನ್ನು ನಾನು ಅಲ್ಲಗಳೆಯುತ್ತಿಲ್ಲ. 19ನೇ ಶತಮಾನದಲ್ಲಿ ಚಿಂಗ್ ರಾಜರ ವಿರುದ್ಧ ತೈಪಿಂಗ್ ದಂಗೆ ಎಬ್ಬಿಸಿದ ಹಾಂಗ್ ಶಿಯುಚುವಾನ್ ಕೂಡ ಈ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದವನೇ.

1905ರಲ್ಲಿ ಇದನ್ನು ರದ್ದು ಮಾಡಿದರು. ಓದುತ್ತಲೇ ತಲೆ ನರೆತವರ ಗತಿ ಆಮೇಲೆ ಏನಾಯಿತೋ ಅಂತ ನೆನೆದರೆ ಸಂಕಟವಾಗುತ್ತದೆ. ಮುಂದಿನ ಸಲ ಅವರ ಬಗ್ಗೆ ಬರೆಯಿರಿ, ದಯವಿಟ್ಟು.