ಒಂದೇ ತಿರುವಿನಲ್ಲಿ ಎರಡು ಪುಣೆ ಕಾರು

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಮದೆನಾಡು ದಾಟಿ ಜೋಡುಪಾಲದ ಆಸುಪಾಸಿನಲ್ಲಿ, ಎಂಎಚ್ 12, ಅಂದರೆ ಪುಣೆ ನಂಬರಿನ ಎರಡು ಕಾರು ಒಂದರ ಹಿಂದೊಂದು ನಿಂತಿವೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ, ಆದರೆ ದೂರು ಒಂದೇ: ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟುತ್ತಿದೆ. ಎಂಟುನೂರು ಕಿಲೋಮೀಟರಿಗೂ ಆಚೆಯ ಒಂದೇ ಊರಿನವರು, ಒಂದೇ ತಿರುವು, ಒಂದೇ ರೋಗ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಬಹುದು. ನನ್ನ ಪ್ರಕಾರ ಇಲ್ಲಿ ಕಾಕತಾಳೀಯ ಇರುವುದು ನಂಬರ್ ಪ್ಲೇಟಿನಲ್ಲಿ ಮಾತ್ರ. ಬ್ರೇಕು ಅಲ್ಲೇ ಕೈಕೊಡುವುದಕ್ಕೆ ಲೆಕ್ಕವಿದೆ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಸಂಪಾಜೆ ತಲುಪುವಷ್ಟರಲ್ಲಿ ಸುಮಾರು 1,000 ಮೀಟರ್ ಕೆಳಗಿಳಿದಿರುತ್ತೀರಿ. ಐದು ಜನ, ಡಿಕ್ಕಿ ತುಂಬ ಲಗೇಜು ಸೇರಿ 1,500 ಕೆಜಿ ತೂಗುವ ಕಾರು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4 ಯೂನಿಟ್ ಕರೆಂಟಿಗೆ ಸಮ. ನಲವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಗಾಳಿ ಮತ್ತು ಟಯರು ಅದರಲ್ಲೊಂದು ಪಾಲನ್ನು ನುಂಗುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕು ತಿನ್ನಬೇಕು. ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಬಿಟ್ಟುಕೊಂಡು, ಪೆಡಲಿನ ಮೇಲೆ ಕಾಲಿಟ್ಟೇ ಇಳಿದರೆ ಎಲ್ಲವೂ ಬ್ರೇಕಿನ ತಲೆಗೇ ಬರುತ್ತದೆ. ಘಾಟಿಯ ಮೊದಲರ್ಧ ಕಾಯಿಸುತ್ತದೆ, ಎರಡನೆಯರ್ಧದಲ್ಲಿ ಫಲ ಸಿಗುತ್ತದೆ. ಹಾಗಾಗಿ ಬ್ರೇಕು ಕೈಕೊಡುವ ಜಾಗಗಳು ಒಂದಕ್ಕೊಂದು ಹತ್ತಿರವೇ ಇರುತ್ತವೆ.

ಇನ್ನು ಬ್ರೇಕ್ ಆಯಿಲ್. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವ ಅದು, ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದೇ ಆಯಿಲ್ ನೀರು ಹೀರಿಕೊಂಡು ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಎಡೆಬಿಡದೆ ಉಜ್ಜಿದ ಡಿಸ್ಕು 300 ಡಿಗ್ರಿ ದಾಟುವುದು ಕಷ್ಟವೇನಲ್ಲ. ಆ ಬಿಸಿ ಪ್ಯಾಡಿನ ಮೂಲಕ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಇಳಿದಾಗ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡ ಮುಟ್ಟುವುದಿಲ್ಲ.

ಪುಣೆಯಿಂದ ಹುಬ್ಬಳ್ಳಿ, ಹಾಸನ ಹಾದು ಬರುವ ಹೆದ್ದಾರಿಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ. ದಾರಿಯಲ್ಲಿರುವ ಇಳಿಜಾರುಗಳು ಚಿಕ್ಕವು, ಒಮ್ಮೆ ಒತ್ತಿ ಬಿಟ್ಟರೆ ಮುಗಿಯಿತು. ನಾಲ್ಕು ವರ್ಷದ ಹಳೆ ಆಯಿಲೂ ಅಲ್ಲಿ ಸಂಭಾವಿತನಂತೆಯೇ ಇರುತ್ತದೆ. ಅದಕ್ಕೆ ಮೊದಲ ನಿಜವಾದ ಪರೀಕ್ಷೆ ಕೊಡಗಿನಿಂದ ಕರಾವಳಿಗೆ ಇಳಿಯುವಾಗ. ಸಂಪಾಜೆ ಇರಲಿ, ವಿರಾಜಪೇಟೆ ಕಡೆಯ ಮಾಕುಟ್ಟ ಇರಲಿ, ಭಾಗಮಂಡಲದಿಂದ ಕರಿಕೆ ಇರಲಿ.

ಅರ್ಧ ಗಂಟೆ ನಿಂತರೆ ಆವಿ ತಣಿದು ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಬಂದು ನೋಡುವಾಗ ಸೋರಿಕೆಯೂ ಇಲ್ಲ, ದೋಷವೂ ಇಲ್ಲ. ಅಷ್ಟರೊಳಗೆ ಯಾರಾದರೂ ಹತ್ತಿರದ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಿದ್ದರೆ ಕತೆ ಅಲ್ಲಿಗೆ ಪೂರ್ತಿಯಾಯಿತು. ಕಾಯಿ ಒಡೆಸುವುದಕ್ಕೆ ನನ್ನ ತಕರಾರಿಲ್ಲ, ಅರ್ಧ ಗಂಟೆ ಗಾಡಿ ನಿಲ್ಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಆದರೆ ಪೆಡಲ್ ವಾಪಸ್ ಬಂತೆಂದು ಆಯಿಲ್ ವಾಸಿಯಾಗಿಲ್ಲ. ಒಮ್ಮೆ ಕುದಿದದ್ದು ಮುಂದಿನ ಘಾಟಿಯಲ್ಲಿ ಮತ್ತೆ ಕುದಿಯುತ್ತದೆ. ಕಾರಿಗೆ ಹಿಡಿಯುವುದು ಅರ್ಧದಿಂದ ಒಂದು ಲೀಟರ್. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಸಬೇಕು. ಸೀಲು ಒಡೆದು ತಿಂಗಳುಗಟ್ಟಲೆ ಡಿಕ್ಕಿಯಲ್ಲಿಟ್ಟ ಅರ್ಧ ಬಾಟಲಿಯನ್ನು ಸುರಿಯಬೇಡಿ, ಅದೂ ಆಗಲೇ ನೀರು ಕುಡಿದಿರುತ್ತದೆ.

ಪೆಡಲ್ ಮೆತ್ತಗಾದರೆ ಆಯಿಲ್ ಕುದಿದಿದೆ. ಪೆಡಲ್ ಕಲ್ಲಿನಂತಾದರೆ ಕಾರಣವೇ ಬೇರೆ: ಎಂಜಿನ್ ಆಫ್ ಆಗಿ, ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರಿನ ನಿರ್ವಾತ ಮುಗಿದಿದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವವರೆಗೆ ಬೂಸ್ಟರ್ ಸಹಾಯ ಮಾಡುತ್ತದೆ, ಆಮೇಲೆ ಎರಡೂ ಕಾಲಿನ ಬಲ ಬೇಕು. ಸ್ಟಿಯರಿಂಗೂ ಜಡವಾಗುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸುವವರು ತಂದುಕೊಳ್ಳುವುದು ಈ ಎರಡನೆಯ ರೋಗವನ್ನು.

ಪುಣೆಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ಹೆದ್ದಾರಿಯಲ್ಲಿ 2022ರ ನವೆಂಬರ್ 20ರಂದು ಒಂದೇ ಟ್ರಕ್ಕಿನಿಂದ 48 ವಾಹನ ಜಖಂಗೊಂಡವು. ಇಳಿಜಾರಿನಲ್ಲಿ ಎಂಜಿನ್ ಆರಿಸಿದ್ದೇ ಕಾರಣವೆಂದು ಪೊಲೀಸರು ಆಗ ಹೇಳಿದ್ದರು. ಆಮೇಲೆ ವೇಗಮಿತಿ ಇಳಿಯಿತು, ರಂಬಲ್ ಪಟ್ಟಿ ಬಂತು, ಕ್ಯಾಮೆರಾ ಬಂತು. ಅಲ್ಲಿನ ರೀತಿ ಅದು: ದಂಡ, ಕ್ರೇನು, ಫಲಕ. ಕೆಟ್ಟ ಗಾಡಿಯನ್ನು ಬೇಗ ಎಳೆದು ದಾರಿ ಬಿಡಿಸುತ್ತಾರೆ, ಯಾಕೆ ಕೆಟ್ಟಿತೆಂದು ಕೇಳುವವರಿಲ್ಲ. ಎಚ್ಚರಿಕೆಯೆಲ್ಲ ಟ್ರಕ್ಕಿನವರಿಗೆ ಎಂದುಕೊಂಡು ಕಾರಿನವರು ಅದನ್ನು ಓದುವುದೂ ಇಲ್ಲ.

ಕೊಡಗಿನ ರೀತಿ ಬೇರೆ. ತಿರುವಿನಲ್ಲಿ ಗಾಡಿ ನಿಂತರೆ ಹಿಂದೆ ಬರುವ ಜೀಪಿನವನು ಗಾಜಿಳಿಸಿ ವಿಚಾರಿಸುತ್ತಾನೆ. ಮೊಬೈಲ್ ಸಿಗ್ನಲ್ ಕೈಕೊಡುವ ಕಡೆ, ಮುಂದಿನ ಊರಿನ ಗ್ಯಾರೇಜಿಗೆ ಸುದ್ದಿ ಮುಟ್ಟಿಸುವವನೂ ಅವನೇ. ಸೊಪ್ಪಿನ ಕೊಂಬೆ ಮುರಿದು ರಸ್ತೆಯಲ್ಲಿ ಹಾಕಿದರೆ ಮುಂದೆ ಗಾಡಿ ಕೆಟ್ಟಿದೆಯೆಂದು ಘಾಟಿಯ ಚಾಲಕರಿಗೆಲ್ಲ ಗೊತ್ತು. ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮ ಪುಸ್ತಕದಲ್ಲಿ ಇಡೀ ದೇಶಕ್ಕಿದೆ, ಪಾಲನೆಯಲ್ಲಿ ಕಾಣುವುದು ಇಂಥ ಕಡೆ. ಎಲ್ಲಕ್ಕಿಂತ ಮುಖ್ಯವಾಗಿ ಅವರ ಗೇರು ನೋಡಿ. ಮಾಂದಲಪಟ್ಟಿಯಿಂದ ಇಳಿಯುವ ಜೀಪಿನ ಎಂಜಿನ್ ಗುರ್ರೆನ್ನುತ್ತಿರುತ್ತದೆ, ಬ್ರೇಕ್ ಲೈಟು ಅಪರೂಪಕ್ಕೆ ಹತ್ತುತ್ತದೆ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯುವುದು ಅವರ ಲೆಕ್ಕ. ಹೊರಗಿನಿಂದ ಬರುವ ನಾವು ಹೋಮ್‌ಸ್ಟೇ, ಪಂದಿ ಕರಿ ಎಲ್ಲ ವಿಚಾರಿಸುತ್ತೇವೆ, ಇದೊಂದನ್ನು ಕೇಳಿ ತಿಳಿಯುವುದಿಲ್ಲ.

ಹಾಗೆಂದು ಕೊಡಗಿನದೆಲ್ಲ ಸರಿಯೇನಲ್ಲ. ಸೊಪ್ಪಿನ ಕೊಂಬೆ ಮಂಜಿನಲ್ಲಿ, ರಾತ್ರಿಯಲ್ಲಿ ಕಾಣುವುದಿಲ್ಲ. ಪ್ರತಿಫಲಿಸುವ ಕೆಂಪು ತ್ರಿಕೋನ ಈಗಿನ ಕಾರುಗಳ ಜೊತೆಗೇ ಬರುತ್ತದೆ, ಹೆಚ್ಚಿನವರದು ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇರುವುದಿಲ್ಲ. ಹೇರ್‌ಪಿನ್ನಿನಲ್ಲಿ ಅದನ್ನು ಬಂಪರಿನ ಹಿಂದೆ ಇಟ್ಟರೆ ಇಟ್ಟೂ ಇಡದಂತೆ. ತಿರುವಿನ ಆಚೆಗೆ ನಡೆದು, ಬರುವವನಿಗೆ ತಿರುಗುವ ಮೊದಲೇ ಕಾಣುವಂತೆ ಇಡಬೇಕು. ಬ್ರೇಕ್ ಕಾದಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಬಿಸಿ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕುವ ಶಿಸ್ತು ಮಾತ್ರ ಪುಣೆಯವರಿಗೂ ಇಲ್ಲ, ಕೊಡಗಿನವರಿಗೂ ಇಲ್ಲ. ರಸ್ತೆ ನಡುವೆ ಬಿಟ್ಟುಹೋದ ಕಲ್ಲಿಗೆ ರಾತ್ರಿ ಬಲಿಯಾಗುವವನು ಬೈಕಿನವನು.

ಆಟೊಮ್ಯಾಟಿಕ್ ಕಾರಿನವರು ಡಿ ಹಾಕಿ ಸುಮ್ಮನಿದ್ದರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತಲೇ ಇರುತ್ತದೆ. ಮ್ಯಾನುಯಲ್ ಮೋಡಿಗೆ ತಂದು ಎರಡರಲ್ಲಿ ಹಿಡಿಯಬೇಕು, ಅಥವಾ ಎಲ್ (ಕೆಳಗಿನ ಗೇರು) ಇದ್ದರೆ ಎಲ್. ಕೆಟ್ಟು ನಿಂತರೆ ಜೀಪಿಗೆ ಹಗ್ಗ ಕಟ್ಟಿ ಎಳೆಸಬೇಡಿ, ಎಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿಯದೆ ಸುಟ್ಟುಹೋಗಬಹುದು.

ಎಲೆಕ್ಟ್ರಿಕ್ ಕಾರಿನವರು ಮಡಿಕೇರಿಯಲ್ಲಿ ರಾತ್ರಿಯಿಡೀ ಹಾಕಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಘಾಟಿ ಇಳಿಯುತ್ತಾರೆ. ತುಂಬಿದ ಬ್ಯಾಟರಿ ಇನ್ನು ಕರೆಂಟು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇಳಿಯುವ ಓಟವನ್ನು ತಡೆದು ಕರೆಂಟಾಗಿಸುವ ರೀಜನ್ ಕೆಲಸ ಮಾಡದೆ ಭಾರವೆಲ್ಲ ಬ್ರೇಕಿಗೆ. ಎಂಬತ್ತೈದರಲ್ಲಿ ಪ್ಲಗ್ ಕೀಳಿ, ಮಿಕ್ಕದ್ದರಲ್ಲಿ ಒಂದಿಷ್ಟನ್ನು ಘಾಟಿಯೇ ತುಂಬಿಕೊಡುತ್ತದೆ.